ಏಳನೆಯ ಸಂಪುಟ ಬಂತು!

ನಮ್ಮ ಕಾಕಾನಿಗೆ ತಮ್ಮ ಮದುವೆಯ ತಾರೀಖು ನೆನಪಿಲ್ಲ. ಆದರೆ ಜಪಾನಿನ ಒಂದು ಮಾಂಗಾ, ಅಂದರೆ ಚಿತ್ರಕಥೆ, ಎಲ್ಲಿ ಶುರುವಾಗಿ ಎಲ್ಲಿ ನಿಂತಿತೆಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ! ಗೋತ್ರ, ಪ್ರವರದ ಹಾಗೆ ಒಪ್ಪಿಸುತ್ತಾರೆ: "ಮೊದಲ ವಾರಪತ್ರಿಕೆಯಾಗ ಬಂತು. ಆರು ಸಂಪುಟ ಆದ್ವು. ಪತ್ರಿಕೆ ಮುಚ್ಚಿತು. ಚಿತ್ರ ಬರಿಯೋ ಅಕ್ಕಾಗ ಕೈನೋವು, ಎರಡು ವರ್ಷ ಸೂಟಿ. ಆಮ್ಯಾಲೆ ಬ್ಯಾರೆ ಮಾಸಪತ್ರಿಕೆ. ಅಲ್ಲೆ ಏಳನೇದು ಬಂದು ಕತಿ ಮುಗೀತು."

ಆ ಎರಡು ವರ್ಷ ಕಾಕಾ ಕಾಣದ ಅಕ್ಕನ ಕೈ ವಾಸಿಯಾಗಲೆಂದು ಗುರುವಾರ ಒಪ್ಪೊತ್ತು ಮಾಡಿದರು! ಅವರ ಹೆಂಡತಿ, ನಮ್ಮ ಕಾಕು, ಸುಮ್ಮನಿರುತ್ತಾರೆಯೇ? "ಜಪಾನಿನಾಕಿ ಕೈಗೆ ಹರಕಿ ಹೊರ್ತಾರ. ಮುಂದ ಕೂತ ನನ್ನ ಮೊಣಕಾಲು ಕಾಣಂಗಿಲ್ಲ!"

ಈ ಹುಚ್ಚು ಹತ್ತಿದ್ದು ಅವರು ಡಚ್ಚರ ನಾಡಿನ ಟಿಲ್‌ಬರ್ಗ್‌ಗೆ ಬಂದ ಹೊಸದರಲ್ಲಿ. ಅವರ ಮಗಳಿಗೆ ಆಗ ಎಂಟು ವರ್ಷ. ಡಚ್ ಬಾರದು, ಶಾಲೆಯಲ್ಲಿ ಮಾತಿಗೆ ಒಬ್ಬರಿಲ್ಲ. ಕಾಕಾ ಗ್ರಂಥಾಲಯದಿಂದ ಈ ಮಾಂಗಾದ ಡಚ್ ಅನುವಾದ ತಂದರು. ಕಳೆದುಹೋದ ಅಣ್ಣನನ್ನು ಹುಡುಕುತ್ತ ಊರೂರು ಅಲೆಯುವ ಛತ್ರಿ ರಿಪೇರಿ ಹುಡುಗಿಯ ಕಥೆ. ದಿನಕ್ಕೊಂದು ಪುಟ ಓದಿ ಅಪ್ಪ, ಮಗಳು ಇಬ್ಬರೂ ಡಚ್ ಕಲಿತರು. ಇಂದಿಗೂ ಕಾಕಾನದು ಆ ಹುಡುಗಿಯ ಡಚ್ಚೇ! ಬೇಕರಿಯಲ್ಲಿ ಬ್ರೆಡ್ ಕೇಳಿದರೂ "ದಯೆ ತೋರಿ ಮಹಾಶಯರೇ, ಮಳೆ ಬರುವ ಮುನ್ನ!" ಎನ್ನುತ್ತಾರೆ.

ಆರನೆಯ ಸಂಪುಟದ ಕೊನೆಯಲ್ಲಿ ಹುಡುಗಿ ಒಂದು ಬಾಗಿಲು ತಟ್ಟುತ್ತಾಳೆ. ಅಷ್ಟೇ! ಏಳನೆಯದು ಡಚ್‌ನಲ್ಲಿ ಬರಲೇ ಇಲ್ಲ. ಮಗಳು ಅಳುತ್ತ, "ಅಪ್ಪಾ, ಬಾಗಿಲಾ ಯಾರು ತೆಗೀತಾರ?" ಎಂದಳು. "ತಂದುಕೊಡ್ತೀನವಾ. ಅಲ್ಲೀತನಕ ಇಬ್ಬರೂ ಕತಿ ಕೊನೀನ ಬ್ಯಾರೆ ಎಲ್ಲೂ ನೋಡೂದು ಬ್ಯಾಡ, ಆಣಿ!" ಎಂದು ಕಾಕಾ ಮಾತು ಕೊಟ್ಟರು.

ಮಾತು ಕೊಟ್ಟವರು ಸುಮ್ಮನೆ ಕೂರುವವರಲ್ಲ. ವರ್ಷಗಟ್ಟಲೆ ಪ್ರಕಾಶಕರಿಗೆ ಪತ್ರ ಬರೆದರು. ಕೊನೆಗೆ ಪೇಡೆಯ ಡಬ್ಬಿ ಹಿಡಿದು ರಾಟರ್‌ಡ್ಯಾಮಿನ ಅವರ ಕಚೇರಿಗೇ ನುಗ್ಗಿದರು, ನಾನೂ ಜೊತೆಗೆ. ಒಡಹುಟ್ಟಿದವರ ಮನೆಗೂ ಮೊದಲೇ ಹೇಳಿ ಹೋಗುವ ದೇಶವಿದು! ಒಳಗಿದ್ದ ಹೆಂಗಸು, "ಅಪಾಯಿಂಟ್‌ಮೆಂಟ್ ಇದೆಯೇ?" ಎಂದಳು.

ಕಾಕಾ ಡಬ್ಬಿ ತೆರೆದರು. "ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ, ಮಹಾಶಯೇ!"

ಎರಡನೆಯ ಪೇಡೆಗೆ ಆಕೆ ಕರಗಿದಳು. ಕೊಳ್ಳುವವರು ಐನೂರು ಮಂದಿ ಮೊದಲೇ ಹೆಸರು ಕೊಟ್ಟರೆ ಅಚ್ಚು ಹಾಕುತ್ತೇವೆ ಎಂದಳು.

ಐನೂರೇ! ಇಲ್ಲಿಯ ಕನ್ನಡಿಗರೆಲ್ಲ ಸೇರುವ ಯುಗಾದಿಯ ಊಟದಲ್ಲಿ ಕಾಕಾ ಹೋಳಿಗೆಯ ತಟ್ಟೆ ಹಿಡಿದು ನಿಂತರು. "ಮೊದಲ ಹೆಸರು ಬರಿ, ಆಮ್ಯಾಲೆ ಹೋಳಿಗಿ." ಗಣಪತಿ ಹಬ್ಬದಲ್ಲಿ ಪ್ರಸಾದಕ್ಕೂ ಅದೇ ಕಾಯಿದೆ! ಬಾಡ್‌ಹೂವೆಡಾರ್ಪ್ ಎಂಬ ಬೇರೆ ಊರಿನಲ್ಲಿರುವ ನಾನು ನಮ್ಮ ಬೀದಿಯ ಡಚ್ ಅಜ್ಜಿಯರನ್ನೂ ಬಿಡಲಿಲ್ಲ. ಐನೂರು ಕೇಳಿದವರಿಗೆ ಐನೂರಾ ಹನ್ನೊಂದು ಕೊಟ್ಟೆವು. ಗೆದ್ದೆವು!

ಪುಸ್ತಕ ಮನೆಗೆ ಬಂದದ್ದು ಈ ನವರಾತ್ರಿಯಲ್ಲಿ, ಸರಸ್ವತಿಯನ್ನು ಕೂರಿಸುವ ದಿನವೇ. ಕಾಕು ಅದನ್ನೂ ಎತ್ತಿ ಮಿಕ್ಕ ಪುಸ್ತಕಗಳೊಂದಿಗೆ ಪೂಜೆಗಿಟ್ಟು ಅರಿಸಿನ ಕುಂಕುಮ ಹಚ್ಚಿಬಿಟ್ಟರು! "ಪೂಜಿಗಿಟ್ಟ ಪುಸ್ತಕ ದಶಮೀತನಕ ಓದೂ ಹಂಗಿಲ್ಲ!" ರಾಟರ್‌ಡ್ಯಾಮಿನಲ್ಲಿ ಓದುತ್ತಿರುವ ಮಗಳು ರೈಲು ಹಿಡಿದು ಓಡಿ ಬಂದವಳು, "ಅಮ್ಮಾ, ದಿಸ್ ಇಸ್ ಟಾರ್ಚರ್!" ಎಂದು ಚಡಪಡಿಸಿದಳು. ಕಾಕಾ ಮಾತ್ರ ನೆಮ್ಮದಿಯಾಗಿ ಅವಲಕ್ಕಿ ತಿನ್ನುತ್ತಿದ್ದರು. ಇಷ್ಟು ವರ್ಷ ಕಾದ ಮನುಷ್ಯನಿಗೆ ಇದೆಂಥ ತಾಳ್ಮೆ?

ದಶಮಿಯ ಬೆಳಿಗ್ಗೆ ಅಪ್ಪ, ಮಗಳು ಸೋಫಾದ ಮೇಲೆ ಅಂಟಿಕೊಂಡು ಕುಳಿತು ಪುಸ್ತಕ ಬಿಡಿಸಿದರು. ಮಗಳ ಕಣ್ಣು ಪುಟದ ಮೇಲಿತ್ತು, ಕಾಕಾನ ಕಣ್ಣು ಮಗಳ ಮುಖದ ಮೇಲಿತ್ತು. ಕಾಕು ನನ್ನನ್ನು ಅಡಿಗೆಮನೆಗೆ ಕರೆದು ಪಿಸುಗುಟ್ಟಿದರು: "ಅವರು ಇದನ್ನ ಯಾವಾಗೋ ಓದ್ಯಾರ. ಕದ್ದು ಜಪಾನಿ ಭಾಷಾ ಕಲಿತು ಓದ್ಯಾರ."

"ಮತ್ತ ಆಣಿ?"

"ಮುರದಾರ. ಕೊನೀಗೆ ಅಣ್ಣ ಸಿಗಲಿಲ್ಲಂದ್ರ ಕೂಸಿಗೆ ಹೆಂಗ ಕೊಡ್ಲಿ ಅಂತ ಹೆದರಿಕಿ. ಸಿಗತಾನ ಅಂತ ಗೊತ್ತಾದ ಮ್ಯಾಲೇ ಪೇಡೆ ಹಿಡಕೊಂಡು ಹೊಂಟ್ರು."

ಅಷ್ಟರಲ್ಲಿ ಹೊರಗೆ ಮಗಳ ಕೂಗು: "ಅಪ್ಪಾ! ಬಾಗಿಲಾ ತೆಗೆದಾಂವ ಅಣ್ಣನೇ!"

"ಹೌದೇನವಾ?" ಕಾಕಾ ಕಣ್ಣೊರೆಸಿಕೊಳ್ಳುತ್ತಿದ್ದರು. "ನಂಗ ಗೊತ್ತ ಇದ್ದಿಲ್ಲ ನೋಡು!"