ಸ್ಪೇನಿನ ಹಳ್ಳಿಯಲ್ಲಿ ಸಮುದ್ರಕ್ಕಾಗಿ ಕಾದದ್ದು

ಕೆಲವರು ಫಜೀತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ನನಗೆ ಆ ಶ್ರಮವಿಲ್ಲ, ಅದೇ ಮನೆಬಾಗಿಲಿಗೆ ಬರುತ್ತದೆ. ಒಂದು ಸಲವಂತೂ ನನ್ನ ಬೆನ್ನುಹತ್ತಿ ಸ್ಪೇನಿನವರೆಗೂ ಬಂದಿತ್ತು.

ಎಂಬತ್ತರ ದಶಕದ ಮಾತು. ನಾನು ನಂಜನಗೂಡಿನಲ್ಲಿ ಕೃಷಿ ಅಧಿಕಾರಿ. ಸ್ಪೇನಿನ ಭತ್ತದ ಬೇಸಾಯ ನೋಡಿಬರಲು ಸರ್ಕಾರದವರು ನನ್ನನ್ನೂ ತಿ. ನರಸೀಪುರದ ಕಡೆಯ ರೈತರೊಬ್ಬರನ್ನೂ ಆರಿಸಿದರು. ನಾವು ಉಳಿಯಬೇಕಾದ ಹಳ್ಳಿ ಸಮುದ್ರಕ್ಕೆ ಹತ್ತಿರ ಎಂದು ತಿಳಿದದ್ದೇ ತಡ, ಭತ್ತ ನನ್ನ ತಲೆಯಿಂದ ಹೊರಟೇ ಹೋಯಿತು. ಮಕ್ಕಳ ತಂದೆಯಾದರೂ ನಾನು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ.

ಈಜಿನ ವಿಷಯ

ಹೊರಡುವ ಮುಂಚೆ ಬೀದಿಯಲ್ಲಿ ಸಿಕ್ಕವರಿಗೆಲ್ಲ "ಸಮುದ್ರ ನೋಡಿಬರ್ತೀನಿ" ಎಂದು ಹೇಳಿದ್ದೆ. ಭತ್ತದ ಸುದ್ದಿ ಎತ್ತಿದವರಿಗೂ ಅದೇ ಉತ್ತರ. ಅಮ್ಮ ಮಾತ್ರ ಹೆದರಿದಳು. "ಕಂಡಿದ್ದೆಲ್ಲ ತಿನ್ನಬೇಡ ಕಣೋ. ನೀರಿಗೂ ಇಳೀಬೇಡ. ಈಜು ಬರತ್ತೇನೋ ನಿಂಗೆ?"

"ಕಪಿಲೆ ದಡದಲ್ಲಿ ಹುಟ್ಟಿದವನನ್ನ ಕೇಳೋ ಮಾತೇನಮ್ಮ ಇದು?" ಎಂದು ಗದರಿದೆ.

ಅಮ್ಮನಿಗೆ ಸಮಾಧಾನವಾಯಿತು. ಬರುವುದಿಲ್ಲ ಎಂದೂ ನಾನು ಹೇಳಲಿಲ್ಲ, ಬರುತ್ತದೆ ಎಂದೂ ಹೇಳಲಿಲ್ಲ.

ಊರಿಗೆ ಬಂದ ಸಾವು

ಹಳ್ಳಿ ಗುಡ್ಡದ ಬುಡದಲ್ಲಿತ್ತು. ಸುಣ್ಣ ಬಳಿದ ಮನೆಗಳು, ನಡುವೆ ಚರ್ಚು, ಚರ್ಚಿನ ಮುಂದೆ ಕಲ್ಲಿನ ಬೆಂಚು. ಸಮುದ್ರ ಗುಡ್ಡದ ಆಚೆ. ಮೊದಲ ದಿನವೇ ಊಟ ಮುಗಿಸಿ ದಾರಿ ಕೇಳೋಣವೆಂದು ಹೊರಬಿದ್ದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಅಂಗಡಿ ಮುಚ್ಚಿವೆ, ಕಿಟಕಿಗಳೂ ಮುಚ್ಚಿವೆ.

"ಯಾರೋ ದೊಡ್ಡೋರು ಓಗ್ಬುಟ್ಟವ್ರೆ ಸಾ," ಎಂದರು ರೈತರು. "ಇಂತಾ ದಿನ ನಾವು ಸಮುದ್ರ ನೋಡಕ್ಕೋದ್ರೆ ಏನಂದ್ಕತಾರೆ?"

ನನಗೂ ಸರಿ ಅನ್ನಿಸಿತು. ಇಬ್ಬರೂ ಕಲ್ಲುಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೆವು. ನಾನು ನಡುನಡುವೆ ಕಣ್ಣನ್ನೂ ಒರೆಸಿಕೊಂಡೆ. ಬಿಸಿಲು ಇಳಿದ ಮೇಲೆ ಅಲ್ಲಿಯ ಶಾಲೆಯ ಮೇಷ್ಟ್ರು ಬಂದರು. ಇಡೀ ಊರಿನಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಹತ್ತಿರ ಬಂದು ನನ್ನ ಕೈ ಹಿಡಿದು ಮೆಲ್ಲಗೆ, "ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು?" ಎಂದರು.

"ನಮ್ಮ ಮನೆಯಲ್ಲಲ್ಲ, ನಿಮ್ಮೂರಲ್ಲಿ," ಎಂದೆ.

"ನಮ್ಮೂರು ಮಧ್ಯಾಹ್ನದ ನಿದ್ದೆಯಲ್ಲಿತ್ತು. ನಿಮ್ಮಿಬ್ಬರ ದುಃಖ ನೋಡಲಾರದೆ ಇವತ್ತು ಎಷ್ಟೋ ಜನಕ್ಕೆ ನಿದ್ದೆ ಬರಲಿಲ್ಲ."

ಗೋಪುರದಿಂದ ಕಂಡದ್ದು

ನನ್ನ ಹಂಬಲ ಮೇಷ್ಟ್ರಿಗೆ ತಿಳಿದಿತ್ತು. ಒಂದು ಬೆಳಿಗ್ಗೆ ಸುತ್ತಮುತ್ತಲ ನೋಟ ತೋರಿಸಲೆಂದು ನಮ್ಮನ್ನು ಚರ್ಚಿನ ಗೋಪುರ ಹತ್ತಿಸಿದರು. ಮೇಲೆ ಹೋಗಿ ನೋಡುತ್ತೇನೆ, ಕೆಳಗೆ ನೀಲಿ ನೀರು ಥಳಥಳ ಹೊಳೆಯುತ್ತಿದೆ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕೈಮುಗಿದು, ಬಾಯಿಗೆ ಬಂದ ಸ್ತೋತ್ರಗಳನ್ನೆಲ್ಲ ಹೇಳಿದೆ. ಮೇಷ್ಟ್ರು ಮುಗಿಯುವವರೆಗೆ ತಾಳ್ಮೆಯಿಂದ ಕಾದರು.

"ಅದು ಭತ್ತದ ಗದ್ದೆ," ಎಂದರು ಆಮೇಲೆ. "ಬಿತ್ತನೆಗೆ ನೀರು ಕಟ್ಟಿದ್ದಾರೆ. ನೀವು ಅಷ್ಟು ದೂರದಿಂದ ನೋಡಲು ಬಂದದ್ದು ಅದನ್ನೇ ಅಲ್ಲವೇ? ಸಮುದ್ರ ಗುಡ್ಡದ ಆ ಕಡೆ ಇದೆ, ಇಲ್ಲಿಂದ ಕಾಣುವುದಿಲ್ಲ."

ಭತ್ತದ ಅಧಿಕಾರಿಯಾದ ನಾನು ಚಪ್ಪಲಿ ಹುಡುಕತೊಡಗಿದೆ. ರೈತರು ನನ್ನ ಬೆನ್ನು ತಟ್ಟಿದರು. "ಗದ್ದೆಗೂ ಕೈ ಮುಗೀಬೈದು ಬುಡಿ ಸಾ. ಆದ್ರೆ ನಂಜನಗೂಡ್ ಗದ್ದೇಲಿ ಒಂದಿನಾನೂ ನೀವು ಮುಗುದಿದ್ದ ನಾ ಕಾಣೆ."

ಕೊನೆಯ ಊಟ

ಮಿಕ್ಕ ದಿನಗಳೆಲ್ಲ ಗದ್ದೆ ಸುತ್ತುವುದರಲ್ಲೇ ಕಳೆದವು. ಹೊರಡುವ ದಿನ ನಾವಿದ್ದ ಮನೆಯ ಅಜ್ಜಿ ದೊಡ್ಡ ಊಟ ಹಾಕಿದರು. ಮಾಂಸ ತಿನ್ನದ ನನಗೆಂದು ಬರೀ ಹುರುಳಿಕಾಯಿ ಹಾಕಿದ ಅನ್ನ, ಮಿಕ್ಕವರಿಗೆ ಬೇರೆ. ಸಂಜೆ ಬಸ್ಸಿಗೆ ಬಂದು ಬೀಳ್ಕೊಡುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು. ಬೇಗ ಉಂಡೆದ್ದರೆ ಗುಡ್ಡ ದಾಟಿ ಸಮುದ್ರ ನೋಡಿಬಂದು ಬಸ್ಸು ಹತ್ತಬಹುದು ಎಂದು ನಾನು ಲೆಕ್ಕ ಹಾಕಿದ್ದೆ.

ಊಟ ಮುಗಿಯಿತು. ಅಜ್ಜಿಯ ಮಗ ಎದ್ದು ಹೊರಗೆ ಹೋದ. ಅಜ್ಜಿ ಏಳಲಿಲ್ಲ. ಪಂಕ್ತಿಯಲ್ಲಿ ಹಿರಿಯರು ಏಳದೆ ಏಳಬಾರದು ಎಂದು ಬೆಳೆದವನು ನಾನು. ಕೂತೇ ಇದ್ದೆ. ಎಂಜಲು ಕೈ ಒಣಗಿತು. ಅಜ್ಜಿ ನಕ್ಕರು, ನಾನೂ ನಕ್ಕೆ. ಒಂದು ಕಿತ್ತಳೆ ಸುಲಿದು ಕೊಟ್ಟರು, ತಿಂದೆ.

"ಏಳಿ ಸಾ, ಕಾಲು ಜೋಮಿಡಿತಾವೆ," ಎಂದರು ರೈತರು.

"ಸುಮ್ನೆ ಕೂತ್ಕೊಳ್ಳಿ. ದೇಶದ ಮರ್ಯಾದೆ ಪ್ರಶ್ನೆ."

"ಅಂಗಾರೆ ದೇಶವ ನೀವು ನೋಡ್ಕಳಿ. ನಾನೊಂದು ಬೀಡಿ ಸೇದ್ಕಬತ್ತೀನಿ," ಎಂದು ಎದ್ದೇ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತು ನನ್ನತ್ತ ಕೈ ಬೀಸಿದರು. ನಾನು ಕಣ್ಣು ಕೆಕ್ಕರಿಸಿದೆ. ಹೊರಗೆ ಟ್ರ್ಯಾಕ್ಟರಿನ ಸದ್ದಾಯಿತು.

ಅಜ್ಜಿ ತೂಕಡಿಸಿದರು. ಬೆಚ್ಚಿ ಎದ್ದು ನಕ್ಕು ಇನ್ನೊಂದು ಕಿತ್ತಳೆ ಸುಲಿದರು. ಮತ್ತೆ ತೂಕಡಿಸಿದರು, ಮತ್ತೊಂದು ಸುಲಿದರು. ಹೊಟ್ಟೆ ಬಿರಿಯುತ್ತಿತ್ತು, ಹೊತ್ತು ಇಳಿಯುತ್ತಿತ್ತು. ಸಮುದ್ರ ಕೈತಪ್ಪಿತೆಂದು ಗೊತ್ತಾದಾಗ ನಿಜಕ್ಕೂ ಅಳು ಬಂತು.

ಮೇಷ್ಟ್ರು ಬಂದರು. ಅವರ ಹಿಂದೆಯೇ ರೈತರು ಬಂದರು, ಪಂಚೆ ಮೊಳಕಾಲಿನ ಮೇಲೆ, ತಲೆ ಒದ್ದೆ, ಕಾಲ ತುಂಬ ಮರಳು.

"ಎಲ್ಲಿ ಹೋಗಿದ್ರಿ?"

"ಸಮುದ್ರುಕ್ಕೆ ಸಾ. ಅಜ್ಜಿ ಮಗ ಟ್ರಾಕ್ಟ್ರು ತಕ್ಕಂಡು ಬಾಗ್ಲಲ್ಲೇ ನಿಂತಿದ್ದ. ನಾ ನಿಮ್ಮೂ ಕರುದ್ನಲ್ಲ, ನೀವು ಕಣ್ ಬುಟ್ರಿ."

ಅಜ್ಜಿ ಮೇಷ್ಟ್ರಿಗೆ ಬಹಳ ಹೊತ್ತು ಏನೋ ಹೇಳಿದರು. ಮೇಷ್ಟ್ರು ನನ್ನ ಕಡೆ ತಿರುಗಿದರು. "ಮಗ ನಿಮಗೆ ಸಮುದ್ರ ತೋರಿಸಲೆಂದೇ ಟ್ರ್ಯಾಕ್ಟರ್ ತೊಳೆದು ನಿಲ್ಲಿಸಿದ್ದನಂತೆ. ಆದರೆ ಅತಿಥಿ ಏಳುವ ಮೊದಲು ಮನೆಯೊಡತಿ ತಾನು ಏಳುವುದಾಗಲಿ, ಅವರನ್ನು ಏಳಿಸುವುದಾಗಲಿ ಇಲ್ಲಿ ಮರ್ಯಾದೆಯಲ್ಲ. ನಿಮಗೆ ಸಮುದ್ರಕ್ಕಿಂತ ಕಿತ್ತಳೆಯೇ ಇಷ್ಟ ಎಂದು ಅಜ್ಜಿಗೆ ಅರ್ಥವಾಯಿತಂತೆ. ಮನೆಯಲ್ಲಿದ್ದದ್ದೆಲ್ಲ ಖಾಲಿಯಾಗಿದೆ. ಪಕ್ಕದ ಮನೆಯಿಂದ ತರಿಸಲೇ ಎಂದು ಕೇಳುತ್ತಿದ್ದಾರೆ."