ವೈನಿಯ ಡಿಸ್ಕೂ ನನ್ನ ಮನೆತನವೂ

ಪರದೆಯ ಮೇಲೆ ‘ಸರಿ’ ಎಂಬ ಗುಂಡಿ ಕಂಡರೆ ಒತ್ತದೆ ಇರಲಾರದ ಸ್ವಭಾವ ನನ್ನದು. ಅದರ ಮೇಲೆ ಏನು ಬರೆದಿದೆ ಎಂದು ಓದುವ ವ್ಯವಧಾನ ಮೊದಲಿನಿಂದಲೂ ಇಲ್ಲ. ಮೊಬೈಲಿನಲ್ಲಿ, ದುಡ್ಡು ತೆಗೆಯುವ ಯಂತ್ರದಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ, ಯಾರು ಏನು ಕೇಳಿದರೂ ನನ್ನ ಉತ್ತರ ‘ಸರಿ’. ಸುಜಾತಾಳನ್ನು ನೋಡಲು ಹೋದಾಗಲೂ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಸರಿ ಎಂದುಬಿಟ್ಟಿದ್ದೆ. ಆ ಸರಿಯಿಂದ ನನಗೇನೂ ನಷ್ಟವಾಗಿಲ್ಲ; ಆಕೆಯ ಅಭಿಪ್ರಾಯ ಬೇರೆ ಇರಬಹುದು, ಕೇಳುವ ಧೈರ್ಯ ಮಾಡಿಲ್ಲ. ಆದರೆ ಈಚೆಗೆ ಬೆಳಗಾವಿಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ರಿಮೋಟಿನಿಂದ ಒತ್ತಿದ ಒಂದು ‘ಸರಿ’ ಖಾನಾಪುರದಲ್ಲಿ ನನ್ನ ಮಾನ ಕಳೆಯಿತು. ಅದೂ ವೈನಿಯ ಮುಂದೆ.

ವೈನಿ ಎಂದರೆ ಖಾನಾಪುರದಲ್ಲಿರುವ ನನ್ನ ಅಣ್ಣನ ಹೆಂಡತಿ. ಅವರು ಸೊಸೆಯಾಗಿ ಬಂದಾಗ ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಅವ್ವ ಬೇಗ ತೀರಿಕೊಂಡಳು. ಆಮೇಲೆ ನನ್ನ ಮೂಗು ಒರೆಸಿದ್ದು, ಸೀರೆ ಎತ್ತಿ ಕಟ್ಟಿಕೊಂಡು ಓಡಿ ನನಗೆ ಸೈಕಲ್ ಕಲಿಸಿದ್ದು, ಗಣಿತದಲ್ಲಿ ಡುಮ್ಕಿ ಹೊಡೆದಾಗ ಅಣ್ಣನ ಕೈಯಿಂದ ಬಿಡಿಸಿಕೊಂಡದ್ದು ಎಲ್ಲ ವೈನಿ. ಅಂಥ ವೈನಿ, ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ರೊಟ್ಟಿ ಬಡಿಯಲು ಕೂಡುವ ವೈನಿ, ಸೂಪರ್‌ಹೀರೋ ಸಿನಿಮಾಗಳ ಕಟ್ಟಾ ಅಭಿಮಾನಿ ಎಂದು ಹೇಳಿದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ಆ ಚಟ ಹಚ್ಚಿದವನು ನಾನೇ. ಎಷ್ಟೋ ವರ್ಷಗಳ ಹಿಂದೆ ಬೆಳಗಾವಿಯಲ್ಲಿ ಒಂದು ಅಳುವ ಸಿನಿಮಾಕ್ಕೆಂದು ಅವರನ್ನು ಕರೆದುಕೊಂಡು ಹೋಗಿದ್ದೆ. ಟಿಕೆಟ್ ಸಿಗಲಿಲ್ಲ. ಬಂದ ತಪ್ಪಿಗೆ ಪಕ್ಕದ ಪರದೆಯಲ್ಲಿದ್ದ ಹಾರಾಡುವವರ ಸಿನಿಮಾಕ್ಕೆ ಕೂಡಿಸಿದೆ. ವೈನಿ ಪಿಟ್ಟೆನ್ನದೆ ನೋಡಿದರು. ಮರಳಿ ಖಾನಾಪುರದ ಬಸ್ಸಿನಲ್ಲಿ ಕೂತಮೇಲೆ ಬಾಯಿ ಬಿಟ್ಟರು: “ಅಂವಾ ಒಂದ್ ಊರು ಉಳಸಾಕ ಹೋಗಿ ಮೂರ್ ಊರು ಕೆಡವಿದ. ಆದ್ರ ಮನಸು ಛಲೋ ಐತಿ. ಮುಂದಿಂದು ಯಾವಾಗ ಬರ್ತದೋ?”

ಮುಂದಿನದು ಬಂತು, ಅದರ ಮುಂದಿನದೂ ಬಂತು. ಆ ಸಿನಿಮಾಗಳಿಗೆ ಕೊನೆ ಎಂಬುದೇ ಇರಲಿಲ್ಲ. ನಾಯಕರ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳದ ಕಾರಣ ವೈನಿ ತಾವೇ ನಾಮಕರಣ ಮಾಡಿದರು. ಬೆನ್ನಿನಿಂದ ಬೆಂಕಿ ಕಾರುತ್ತ ಹಾರುವವನು ಬೆಂಕಿ ಬೆನ್ನಪ್ಪ. ಗಾಜಿನಂತೆ ಆಚೆಯದೆಲ್ಲ ಕಾಣುವ ಮೈಯವನು ಗಾಜಪ್ಪ. ನೆರಳಿನೊಳಗಿಂದ ಎದ್ದು ಬಂದು ಕೆಲಸ ಮುಗಿಸಿ ಮತ್ತೆ ನೆರಳಿಗೆ ಸೇರುವವಳು ನೆಳ್ಳವ್ವ. ಬೆನ್ನಪ್ಪನ ಬಗ್ಗೆ ವೈನಿಗೆ ಅಷ್ಟಕ್ಕಷ್ಟೇ. ಕೆಲಸಕ್ಕಿಂತ ಗದ್ದಲ ಹೆಚ್ಚು ಎನ್ನುತ್ತಾರೆ. ನೆಳ್ಳವ್ವ ಎಂದರೆ ಜೀವ. “ಅಕಿ ಮಾಡಿದ್ದು ಹೇಳ್ಕೊಳ್ಳಂಗಿಲ್ಲ. ಹೇಳ್ಕೊಳ್ಳಾರದವ್ರಿಗೆ ಸಿನಿಮಾದಾಗೂ ಹೆಸರಿಲ್ಲ ನೋಡು” ಎಂದು ಒಮ್ಮೆ ರೊಟ್ಟಿ ತಿರುವಿ ಹಾಕುತ್ತ ಹೇಳಿದ್ದರು. ವಿಮರ್ಶೆ ಬರೆಯುವವರು ಪುಟಗಟ್ಟಲೆ ಬರೆದು ಹೇಳುವುದನ್ನು ವೈನಿ ಒಂದು ರೊಟ್ಟಿ ಬೇಯುವಷ್ಟರಲ್ಲಿ ಹೇಳಿಬಿಡುತ್ತಾರೆ.

ಚಿತ್ರಮಂದಿರಕ್ಕೆ ಪ್ರತಿಸಲ ಬರಲಾಗುವುದಿಲ್ಲವೆಂದು ವೈನಿ ಡಿಸ್ಕ್ ಕೊಳ್ಳತೊಡಗಿದರು. ಅಣ್ಣನ ಕಿರಾಣಿ ಅಂಗಡಿಯ ಸಾಮಾನಿಗೆಂದು ಬೆಳಗಾವಿಗೆ ಬಂದಾಗೆಲ್ಲ ಪೇಟೆಯ ಒಂದು ಡಿಸ್ಕಿನಂಗಡಿಗೆ ಹೋಗಿ ಹಿಂದಿ ಮಾತಿನ ಡಿವಿಡಿ ಹುಡುಕಿಸಿ ಒಯ್ಯುತ್ತಿದ್ದರು. ಈಗ ಆ ಅಂಗಡಿಯಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಮದುವೆಯಲ್ಲಿ ತವರಿನಿಂದ ತಂದ ಟ್ರಂಕಿನಿಂದ ಇಳಕಲ್ ಸೀರೆಗಳಿಗೆ ಎತ್ತಂಗಡಿಯಾಗಿ, ಅವುಗಳ ಜಾಗದಲ್ಲಿ ಡಿಸ್ಕುಗಳು ಕ್ರಮವಾಗಿ ಕುಳಿತವು. ಖಾನಾಪುರದ ಮಳೆ ಗೊತ್ತಲ್ಲ, ಗೋಡೆಯ ಮೇಲಿನ ಫೋಟೋಕ್ಕೂ ಬೂಸು ಹಿಡಿಯುತ್ತದೆ. ಮಳೆ ಹೊಳವಾದ ದಿನ ವೈನಿ ಅಂಗಳದ ಬಿಸಿಲಿಗೆ ಸಂಡಿಗೆ, ಪಡಸಾಲೆಯ ನೆರಳಿಗೆ ಡಿಸ್ಕು ಹರವಿ, ಅಣ್ಣನ ಹಳೆಯ ಧೋತರದ ತುಂಡಿನಿಂದ ಒಂದೊಂದನ್ನೇ ಒರೆಸುತ್ತಾರೆ. ಓಣಿಯ ಹೆಂಗಸರು ಡಿಸ್ಕ್ ಕಡ ಒಯ್ಯುತ್ತಾರೆ. ಬೇರೆಯವರ ಮನೆಯ ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಹಾಗಾಗಿ ಡಿಸ್ಕಿನ ಜೊತೆ ಚಕ್ಕಲಿಯೋ ಕರದಂಟೋ ಬರುತ್ತದೆ. ಪಕ್ಕದ ಮನೆಯ ಮಾಲನಬಾಯಿ ಒಮ್ಮೆ ಶೇಂಗಾ ಚಟ್ನಿಯ ಪೊಟ್ಟಣವನ್ನು ಕವರಿನೊಳಗೇ ಇಟ್ಟು ಕೊಟ್ಟಿದ್ದರಿಂದ ಗಾಜಪ್ಪನ ಒಂದು ಭಾಗ ಇಂದಿಗೂ ಬೆಳ್ಳುಳ್ಳಿ ನಾರುತ್ತದೆ.

ಇದನ್ನೆಲ್ಲ ನೋಡಿ ಮೆಚ್ಚಿಕೊಂಡು ಸುಮ್ಮನಿರಬೇಕಿತ್ತು ನಾನು. ಸುಮ್ಮನಿರುವವರ ಪೈಕಿ ಅಲ್ಲವಲ್ಲ. ಒಂದು ಹಬ್ಬಕ್ಕೆ ಹೋದವನು ಹೋಳಿಗೆ ಜಡಿದು, ಡಿಸ್ಕಿನ ಕಾಲ ಮುಗಿಯಿತೆಂದು ಭಾಷಣ ಬಿಗಿದೆ. “ಈಗ ಎಲ್ಲಾ ನೆಟ್‌ನ್ಯಾಗ ಬರ್ತದ ವೈನಿ. ಗುಂಡಿ ಒತ್ತಿದ್ರ ಆತು. ಧೂಳಿಲ್ಲ, ಬೂಸಿಲ್ಲ. ಇನ್ನ ಮ್ಯಾಲೆ ಡಿಸ್ಕ್ ಮಾಡೋದೂ ಬಿಡ್ತಾರ.” ವೈನಿ ತುಪ್ಪ ಬಡಿಸುತ್ತ, “ಬಿಡ್ಲಿ ತಗೋ. ನನ್ನ ಕಾಲನೂ ಮುಗಿಯಾಕ ಬಂದದ. ನಾವಿಬ್ಬರೂ ಕೂಡೇ ಇರ್ತೇವಿ” ಎಂದರು. ಆದರೂ ನಾನು ಬಿಡದೆ ಹೊಸ ಟಿವಿ ತಂದು, ಸಿನಿಮಾ ತೋರಿಸುವ ಆಪಿನ ನನ್ನ ಖಾತೆಯನ್ನೇ ಅದರಲ್ಲಿ ತೆರೆದು, ‘ವೈನಿ’ ಎಂದು ಹೆಸರು ಹಾಕಿಕೊಟ್ಟೆ. ಅವರಿಗೆ ಇದು ಹಿಡಿಸಿತು ಎಂದೇ ಹೇಳಬೇಕು. ಮಳೆಗಾಲದಲ್ಲಿ ತಂತಿಯ ಮೇಲೆ ಟೊಂಗೆ ಬಿದ್ದು ನೆಟ್ ಹೋದಾಗ ಡಿಸ್ಕು, ಬಂದಾಗ ಗುಂಡಿ. ಒಮ್ಮೆ ಸರಣಿಯ ನಡುವಿನ ಒಂದು ಭಾಗ ಆಪ್‌ನಿಂದ ಇದ್ದಕ್ಕಿದ್ದಂತೆ ಮಾಯವಾಯಿತು. ಕಂಪನಿಯ ಹಕ್ಕಿನ ಅವಧಿ ಮುಗಿದಿದೆಯೆಂದು ನಾನು ವಿವರಿಸಿದೆ. “ನಮ್ಮ ಟ್ರಂಕಿನ್ಯಾಗ ಹಕ್ಕು ಮುಗಿಯಂಗಿಲ್ಲ ನೋಡು” ಎಂದಷ್ಟೇ ಹೇಳಿ ಡಿಸ್ಕ್ ಹಾಕಿದರು.

ಇಷ್ಟರಲ್ಲಿ ನಮ್ಮ ಮನೆಯಲ್ಲಿ ವಾಟ್ನಿಯಾಯಿತು, ಅಂದರೆ ಆಸ್ತಿ ಹಂಚಿಕೆ. ಖಾನಾಪುರದ ಮನೆ ಅಣ್ಣನಿಗೆ, ಬೆಳಗಾವಿಯ ಪ್ಲಾಟು ನನಗೆ. ಒಂದು ಕಪ್ ಚಹಾ ಆರುವುದರೊಳಗೆ, ಒಂದು ಮಾತು ಏರದೆ ಮುಗಿದುಹೋಯಿತು. ವಕೀಲರಿಗೇ ಬೇಸರವಾದಂತೆ ಕಂಡಿತು. ಆದರೆ ಓಣಿಯವರು ಅಷ್ಟು ಸುಲಭಕ್ಕೆ ನಂಬುತ್ತಾರೆಯೇ? ಅಣ್ಣತಮ್ಮಂದಿರ ನಡುವೆ ಏನೋ ಇದ್ದೇ ಇರುತ್ತದೆ, ಇಂದಲ್ಲ ನಾಳೆ ಹೊರಬೀಳುತ್ತದೆ ಎಂದು ಕಾಯುತ್ತಿದ್ದರು. ಅದು ವೈನಿಯ ಕಿವಿಗೂ ಬಿದ್ದಿತ್ತು. ಅದಕ್ಕೇ ಸರಣಿಯ ಕೊನೆಯ ಸಿನಿಮಾ ಆಪ್‌ಗೆ ಬಂದಾಗ ಓಣಿಯ ಹೆಂಗಸರನ್ನೆಲ್ಲ ಭಾನುವಾರ ಮನೆಗೆ ಕರೆದು, “ನಮ್ಮ ಶಿವಾನಂದ ಹಾಕಿಕೊಟ್ಟಾನ” ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಅದೇ ಭಾನುವಾರ ಬೆಳಿಗ್ಗೆ ನಮ್ಮ ಟಿವಿ ನನ್ನನ್ನು ಏನೋ ಕೇಳಿತು. ನಾನು ‘ಸರಿ’ ಎಂದೆ. ಅದು ಕೇಳಿದ್ದು, ಇದೊಂದೇ ನಿಮ್ಮ ಮನೆಯೇ ಎಂದು. ಒಂದೇ ಛಾವಣಿಯ ಕೆಳಗಿರುವವರು ಮಾತ್ರ ಮನೆಯವರು ಎಂಬುದು ಆ ಕಂಪನಿಯ ಹೊಸ ನಿಯಮವಂತೆ. ನಮ್ಮಲ್ಲಿ ಮನೆಯವರು ಎಂದರೆ ಖಾನಾಪುರದಿಂದ ಸಾಂಬ್ರಾದವರೆಗೆ ಹರಡಿದ್ದಾರೆ, ಅವರಿಗೇನು ಗೊತ್ತು. ಮಧ್ಯಾಹ್ನ ಖಾನಾಪುರದಲ್ಲಿ ಹೆಂಗಸರೆಲ್ಲ ನೆರೆದು ವೈನಿ ಟಿವಿ ಹಚ್ಚಿದರೆ ಅಚ್ಚಗನ್ನಡದಲ್ಲಿ ಬಂತಂತೆ: ‘ಈ ಟಿವಿ ಶಿವಾನಂದ ಅವರ ಮನೆಗೆ ಸೇರಿದ್ದಲ್ಲ.’ ಎಲ್ಲದರಲ್ಲೂ ಕನ್ನಡ ಬರಬೇಕೆಂದು ಜೀವನವಿಡೀ ವಾದಿಸಿದವನು ನಾನು. ಆ ದಿನವೊಂದು ಇಂಗ್ಲಿಷಿನಲ್ಲಿ ಬಂದಿದ್ದರೆ ಏನಾಗುತ್ತಿತ್ತು? ಸಾಲದ್ದಕ್ಕೆ, ಕನ್ನಡ ಓದಲು ಬಾರದವರಿಗೆಂದು ಮಾಲನಬಾಯಿ ಅದನ್ನು ಮರಾಠಿಗೆ ಅನುವಾದಿಸಿದರು. ನಿವೃತ್ತ ಶಿಕ್ಷಕಿಯಾದ್ದರಿಂದ ಅರ್ಥವಿಸ್ತಾರವನ್ನೂ ಮಾಡಿದರು. ಅಂಗಡಿಯಿಂದ ಊಟಕ್ಕೆ ಬಂದ ಅಣ್ಣ, ಪರದೆ ನೋಡಿ, “ಖರೇನ ಐತಲ್ಲ, ವಾಟ್ನಿ ಆಗೇತಿ” ಎಂದು ಕೈ ತೊಳೆಯಲು ಹೋದನಂತೆ. ಅಣ್ಣನ ಮಾತು ಯಾವಾಗಲೂ ಕಡಿಮೆ, ಆಡಿದ್ದು ಯಾವಾಗಲೂ ಹೀಗೇ.

ಸಿನಿಮಾ ನೋಡಿದ ಸಂಜೆ ವೈನಿ ಫೋನ್ ಮಾಡಿ ನನಗೆ ಪೂರ್ತಿ ಕತೆ ಹೇಳುವುದು ರೂಢಿ. ಅವತ್ತು ಫೋನು ಬರಲಿಲ್ಲ. ಮರುದಿನ ಬಂದದ್ದು ಮಾಲನಬಾಯಿಯದು. ನಡೆದದ್ದೆಲ್ಲ ಹೇಳಿ, “ನಿಮ್ಮ ವೈನಿ ಏನೂ ಅನ್ಲಿಲ್ಲಪಾ. ಸುಮ್ನ ಟಿವಿ ಆರಿಸಿ ಎಲ್ಲಾರಿಗೂ ಚಾ ಕೊಟ್ರು. ಅನ್ನಬೇಕಿತ್ತು, ಛಲೋ ಇರ್ತಿತ್ತು” ಎಂದರು. ವೈನಿ ಬೈದರೆ ನಾನು ಸಹಿಸಬಲ್ಲೆ, ಅಭ್ಯಾಸವಿದೆ. ನಾಲ್ಕು ಜನರ ಮುಂದೆ ನನ್ನಿಂದಾಗಿ ತಲೆ ತಗ್ಗಿಸಿದರು ಎಂಬುದನ್ನು ಸಹಿಸಲಾಗಲಿಲ್ಲ. ಫೋನಿನಲ್ಲಿ ಕ್ಷಮೆ ಕೇಳಲೇ ಎಂದು ಸುಜಾತಾಳನ್ನು ಕೇಳಿದೆ. “ಫೋನ್ ಬ್ಯಾಡ. ನೀವು ಫೋನಿನ್ಯಾಗ ಸುಧಾರಿಸಾಕ ಹೋಗಿ ಇನ್ನೊಂದು ಕೆಡಸ್ತೀರಿ. ರವಿವಾರ ಹೋಗಿ ಬರ್ರಿ, ಕುಂದಾ ಒಯ್ಯಿರಿ” ಎಂದಳು.

ಕುಂದಾದ ಡಬ್ಬಿ ಹಿಡಿದು ಹೋದರೆ ಪಡಸಾಲೆ ತುಂಬ ಹೆಂಗಸರು. ಅದೇ ಹೆಂಗಸರು. ವೈನಿ ಟ್ರಂಕು ತೆರೆದು, ಕೊನೆಯದಕ್ಕಿಂತ ಹಿಂದಿನ ಭಾಗದ ಡಿಸ್ಕ್ ಹಾಕಿ ಎಲ್ಲರಿಗೂ ತೋರಿಸುತ್ತಿದ್ದರು. ಯಾವ ಆಪೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬೆನ್ನಪ್ಪ ಎಂದಿನಂತೆ ಗದ್ದಲ ಮಾಡುತ್ತಿದ್ದ. “ಬಾ, ಕುಂದರು. ಸಪ್ಪಳ ಮಾಡಬ್ಯಾಡ” ಎಂದರು ನನಗೆ. ಸಿನಿಮಾ ಮುಗಿದ ಮೇಲೆ ನಾನು ಶುರುಮಾಡಿದೆ. “ಅದು ನಾ ಹೇಳಿದ್ದಲ್ಲ ವೈನಿ, ಕಂಪನಿಯವ್ರು...” ವೈನಿ ಡಿಸ್ಕನ್ನು ಅಂಚು ಹಿಡಿದು ತೆಗೆದು ಕವರಿಗೆ ಹಾಕುತ್ತ, “ಕಂಪನಿಗೆ ನಮ್ಮ ಮನಿ ಗೊತ್ತಿಲ್ಲ. ನಿನಗ ಗೊತ್ತಿತ್ತಲ್ಲ?” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೇ ಕೇಳಿದರು. ನಾನು ಕುಂದಾದ ಡಬ್ಬಿಯ ದಾರ ಬಿಚ್ಚತೊಡಗಿದೆ.

ಟ್ರಂಕಿನಲ್ಲಿ ಆ ಸಾಲಿನ ತುದಿಗೆ ಒಂದು ಡಿಸ್ಕಿನಷ್ಟು ಜಾಗ ಖಾಲಿ ಇತ್ತು. “ಕಡೀದರ ಡಿಸ್ಕ್ ಯಾವಾಗ ಬರ್ತದ?” ಎಂದು ಕೇಳಿದರು. ಬರುವುದಿಲ್ಲ, ನಮ್ಮ ದೇಶದಲ್ಲಿ ಇದರ ಡಿಸ್ಕ್ ತರುವುದಿಲ್ಲವಂತೆ ಎಂದೆ. ನನ್ನ ಭವಿಷ್ಯವಾಣಿ ನಿಜವಾಗಿತ್ತು, ನಿಜವಾಗಬಾರದಿತ್ತು ಎಂದು ಆಗ ಅನಿಸಿತು. ವೈನಿ ಖಾಲಿ ಜಾಗದ ಮೇಲೆ ಕೈಯಾಡಿಸಿ ಟ್ರಂಕು ಮುಚ್ಚಿದರು. “ಹಂಗಾರ ನೆಳ್ಳವ್ವಂದು ಏನಾತು ಅಂತ ನನಗ ಗೊತ್ತಾಗಂಗಿಲ್ಲ ಬಿಡು.”

ನಾನು ಎದ್ದು ರಿಮೋಟು ಹಿಡಿದೆ. ಖಾತೆ ತೆರೆದೆ. ಪರದೆಯ ಮೇಲೆ ಎರಡು ಗುಂಡಿ ಬಂದವು. ‘ನಾನು ಪ್ರವಾಸದಲ್ಲಿದ್ದೇನೆ.’ ‘ಇದು ನನ್ನ ಮನೆ.’ ಜೀವಮಾನದಲ್ಲಿ ಮೊದಲ ಸಲ ಕೆಳಗಿನ ಸಣ್ಣ ಅಕ್ಷರವನ್ನೂ ಓದಿದೆ. ಮೊದಲನೆಯದನ್ನು ಒತ್ತಿದರೆ ಇವತ್ತಿಗೆ ಸಿನಿಮಾ ಬರುತ್ತದೆ, ಬೆಳಗಾವಿಯ ಟಿವಿಗೂ ಏನೂ ಆಗುವುದಿಲ್ಲ. ಎರಡನೆಯದನ್ನು ಒತ್ತಿದರೆ ಬೇರೆ ಮನೆಯ ಟಿವಿಗಳು ಹೊರಗೆ. ಬುದ್ಧಿವಂತನಾದವನು ಮೊದಲನೆಯದನ್ನೇ ಒತ್ತಬೇಕು. ಅಷ್ಟರಲ್ಲಿ ಮಾಲನಬಾಯಿ ಎರಡನ್ನೂ ಮರಾಠಿಗೆ ಅನುವಾದಿಸಿ ಮುಗಿಸಿದ್ದರು. ಹೆಂಗಸರೆಲ್ಲ ನನ್ನ ಹೆಬ್ಬೆರಳು ನೋಡುತ್ತಿದ್ದರು. ವೈನಿ ಮಾತ್ರ ನೋಡಲಿಲ್ಲ. ಕುಂದಾ ಪಾಲು ಮಾಡುತ್ತ, “ಪ್ರವಾಸಕ್ಕ ಬಂದವ್ರಿಗೆ ಬಸ್‌ಸ್ಟ್ಯಾಂಡ್ ಬಾಜೂಕ ಖಾನಾವಳಿ ಐತಿ. ಊಟ ಅಲ್ಲೇ” ಎಂದರು.

ಒತ್ತಿದೆ. ‘ಇದು ನನ್ನ ಮನೆ.’ ಸಿನಿಮಾ ಶುರುವಾಯಿತು. ನೆಳ್ಳವ್ವ ಕೊನೆಗೆ ನೆರಳು ಬಿಟ್ಟು ಎಲ್ಲರೆದುರು ಬಿಸಿಲಿಗೆ ಬಂದು ನಿಂತಳು. ಪಡಸಾಲೆಯಲ್ಲಿ ಮೂಗೆಳೆಯುವ ಸದ್ದು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಕಡೀಕ ಅಕಿ ಹೆಸರು ಹೇಳಿದ್ರು ನೋಡು” ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಚಿಕ್ಕವನಿದ್ದಾಗ ಪಾಸಾದೆನೆಂದು ಹೇಳಿದಾಗ ಗುದ್ದುತ್ತಿದ್ದ ಹಾಗೆಯೇ. ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

ಆಗ ಸುಜಾತಾಳ ಫೋನು ಬಂತು. “ಏನ್ರೀ, ಧಾರಾವಾಹಿ ಹಚ್ಚಿದ್ರ ಈ ಟಿವಿ ನಿಮ್ಮ ಮನೀಗೆ ಸೇರಿದ್ದಲ್ಲ ಅಂತ ಬರಾಕತ್ತೈತಿ. ಎಲ್ಲೈತಿ ನಿಮ್ಮ ಮನಿ?” ನಾನು ತಡವರಿಸುವುದನ್ನು ಕಂಡು ವೈನಿ ಫೋನು ಕಸಿದುಕೊಂಡರು. “ನೀ ಚಿಂತಿ ಮಾಡಬ್ಯಾಡ ಸುಜಾತಾ. ಮೊದಲ್ನೇದರಿಂದ ಡಿಸ್ಕ್ ಕಳಸ್ತೇನಿ. ಹಾಕೂ ಮಷೀನನೂ ಎರಡು ಅದಾವು ನನ್ನ ಕಡೆ, ಒಂದು ಒಯ್ತಾನ. ಧಾರಾವಾಹಿ ಏನ್ ನೋಡ್ತಿ, ಇದನ್ನ ನೋಡು.” ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದು ಯಂತ್ರವನ್ನು ಎಂದೋ ಕೊಂಡಿಟ್ಟಿದ್ದಾರೆ. ಕಾಲ ಮುಗಿಯಿತೆಂದು ಭಾಷಣ ಮಾಡಿದವನು ನಾನು, ಕಾಲಕ್ಕೆ ತಯಾರಿದ್ದವರು ಅವರು.

ಸಂಜೆಯ ಬಸ್ಸಿನಲ್ಲಿ, ಡಿಸ್ಕೂ ಮಷೀನೂ ಇದ್ದ ಚೀಲವನ್ನು ಮೇಲಿಡಿ ಎಂದ ಕಂಡಕ್ಟರನಿಗೆ, ಒಡೆಯುವ ಸಾಮಾನು ಎಂದು ಹೇಳಿ ತೊಡೆಯ ಮೇಲೇ ಇಟ್ಟುಕೊಂಡು ಬೆಳಗಾವಿ ತಲುಪಿದೆ. ಕರೆಗಂಟೆ ಒತ್ತಿದೆ. ಸುಜಾತಾ ಬಾಗಿಲನ್ನು ಅರ್ಧ ಮಾತ್ರ ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರ್ ಬೇಕಾಗಿತ್ರಿ?”

“ಖಾನಾಪುರದವನ್ರಿ, ಪ್ರವಾಸದಾಗ ಅದೇನಿ” ಎಂದೆ.

ಆಕೆ ಡಿಸ್ಕಿನ ಚೀಲವನ್ನು ಮಾತ್ರ ಒಳಗೆ ತೆಗೆದುಕೊಂಡಳು.