ರಾಣಿಗೆ ಗುಲಾಬಿ, ದಾಸಿಗೆ ಕಂದು

ಕಪ್ಪಗಿರುವುದು ತಪ್ಪಲ್ಲ ಎಂದು ನನಗೆ ಇದುವರೆಗೆ ಹೇಳಿದವರೆಲ್ಲ ಬೆಳ್ಳಗಿದ್ದವರೇ. ಅದನ್ನು ಹೇಳುವಾಗ ಅವರ ದನಿಗೆ ಸಾವಿನ ಮನೆಗೆ ಹೋದಾಗ ಬರುವಂಥ ಮೆದುತನ ಬಂದುಬಿಡುತ್ತದೆ. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನಂತೂ ನಮ್ಮಂಥವರಿಗಾಗಿಯೇ ಮಾಡಿಟ್ಟಿದ್ದಾರೆ. ‘ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ’ ಎಂದು ಯಾರ ಬಾಯಲ್ಲೂ ನಾನು ಕೇಳಿಲ್ಲ. ಇಷ್ಟನ್ನು ಹೇಗೋ ಸಹಿಸಿಕೊಂಡು ಬಂದಿದ್ದೆ. ಆದರೆ ದೇವರು ನನಗೆ ಕೊಟ್ಟ ಚರ್ಮ ಕಪ್ಪು ಮಾತ್ರವಲ್ಲ, ಮಹಾ ಮುಂಗೋಪಿ ಕೂಡ. ಹೊಸ ಸೋಪು ತಾಗಿದರೆ ದದ್ದು, ಅಗ್ಗದ ಪೌಡರು ತಾಗಿದರೆ ತುರಿಕೆ, ಮದುವೆಮನೆಯಲ್ಲಿ ಯಾರಾದರೂ ಪ್ರೀತಿಯಿಂದ ಸೆಂಟು ಪೂಸಿದರೆ ಮರುದಿನ ಆಫೀಸಿಗೆ ರಜೆ. ಇಂಥವಳಿಗೆ ನಾಟಕದ ಹುಚ್ಚು ಹಿಡಿಯಬಾರದಿತ್ತು. ಹಿಡಿದರೂ ಕೈಯಲ್ಲಿ ನಾಲ್ಕು ಕಾಸಾದರೂ ಇರಬೇಕಿತ್ತು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆಗೆ ಕಂತು ಕಟ್ಟುವವರ ಕೈಯಲ್ಲಿ ಅದೂ ಇರುವುದಿಲ್ಲ. ಬರಗಾಲದಲ್ಲಿ ಅಧಿಕಮಾಸ ಎನ್ನುತ್ತಾರಲ್ಲ, ಹಾಗೆ.

ನಮ್ಮ ಊರಿನ ಕನ್ನಡ ಸಂಘ ವರ್ಷಕ್ಕೊಂದು ನಾಟಕ ಆಡುತ್ತದೆ. ಬರೆಯುವವರು, ಆಡಿಸುವವರು, ನಾಯಕನ ಪಾತ್ರ ಮಾಡುವವರು ಎಲ್ಲ ವಾಸಣ್ಣನವರೇ. ಕಲ್ಯಾಣದಲ್ಲಿ ಅವರದೊಂದು ಹೋಟೆಲ್ ಇದೆ. ಬಣ್ಣ ಹಚ್ಚಲು ಎರಡು ಸ್ಟೇಷನ್ ಆಚೆಯ ದಿವಾದಿಂದ ಮಲ್ಲಪ್ಪನವರು ಬರುತ್ತಾರೆ. ಗದಗದ ಕಡೆಯವರು, ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿದ್ದವರು. ಅವರ ತಗಡಿನ ಪೆಟ್ಟಿಗೆಯಲ್ಲಿ ಎರಡು ಡಬ್ಬಿ ಪ್ಯಾನ್‌ಕೇಕ್, ಅಂದರೆ ಒದ್ದೆ ಸ್ಪಂಜಿನಲ್ಲಿ ಉಜ್ಜಿ ಮುಖಕ್ಕೆ ಹಚ್ಚುವ ಬಣ್ಣ, ಇರುತ್ತದೆ. ರಾಜ, ರಾಣಿ, ರಾಜಕುಮಾರಿ, ರಾಣಿಯ ಸಖಿ, ಇವರಿಗೆಲ್ಲ ಗುಲಾಬಿ. ಸೇವಕ, ದಾಸಿ, ಬೇಡ, ಅಂಬಿಗ, ಇವರಿಗೆ ಕಂದು. ಮೈಬಣ್ಣ ಯಾವುದೇ ಇರಲಿ, ಪಾತ್ರದ ಅಂತಸ್ತು ನೋಡಿ ಡಬ್ಬಿ ತೆರೆಯುತ್ತಾರೆ. ಒಂದೊಂದು ಡಬ್ಬಿಗೆ ಒಂದೊಂದೇ ಸ್ಪಂಜು. ರಾಜನ ಬೆವರು ರಾಣಿಗೆ, ರಾಣಿಯದು ಸಖಿಗೆ.

ಮೊದಲ ವರ್ಷ ನಾನು ಸಖಿ. ಗುಲಾಬಿ ಹಚ್ಚಿಸಿಕೊಂಡು ಕನ್ನಡಿ ನೋಡಿದರೆ, ನೇರಳೆಹಣ್ಣಿಗೆ ಸುಣ್ಣ ಬಳಿದ ಹಾಗಿದ್ದೆ. ಎರಡನೆಯ ಅಂಕಕ್ಕೆ ಮುಖ ಉರಿಯತೊಡಗಿತು, ಮೂರನೆಯದಕ್ಕೆ ಕಣ್ಣು ಊದಿ ಧಾರಾಕಾರ ನೀರು. ಕಥೆಯ ಪ್ರಕಾರ ರಾಣಿಗೆ ಗಂಡುಮಗು ಹುಟ್ಟಿದ ಸಂಭ್ರಮ. ನಾನು ಮಾತ್ರ ಬಿಕ್ಕುತ್ತ ಆರತಿ ಎತ್ತುತ್ತಿದ್ದೆ. ಸಭಿಕರು ಅದನ್ನು ಆನಂದಬಾಷ್ಪ ಎಂದುಕೊಂಡರು. ನನಗೆ ಸಮಾಧಾನಕರ ಬಹುಮಾನವೂ ಬಂತು. ಅದನ್ನು ತೆಗೆದುಕೊಳ್ಳಲು ಕರೆದಾಗ ನಾನು ಚರ್ಮದ ಡಾಕ್ಟರ ಬಾಗಿಲಲ್ಲಿ ಕೂತಿದ್ದೆ.

ಆಮೇಲಿನ ಎಂಟು ವರ್ಷ ನಾನು ದಾಸಿ. ಕಂದು ಡಬ್ಬಿಯನ್ನೂ ನನಗಾಗಿ ತೆರೆಯಲಿಲ್ಲ. “ನಿಮಗೆ ಮೇಕಪ್ಪೇ ಬೇಡ ವಾರಿಜಕ್ಕ, ಹೀಗೇ ನಿಂತರೆ ಸಾಕು” ಎಂದು ವಾಸಣ್ಣ ಉಪಕಾರ ಮಾಡಿದವರಂತೆ ಹೇಳುತ್ತಿದ್ದರು. ‘ಮಹಾರಾಣಿಯವರಿಗೆ ಜಯವಾಗಲಿ’ ಎಂಬ ಒಂದೇ ಮಾತನ್ನು ಎಂಟು ನಾಟಕಗಳಲ್ಲಿ ಎಂಟು ಮಹಾರಾಣಿಯರಿಗೆ ಹೇಳಿದೆ. ಎಂಟೂ ಮಹಾರಾಣಿಯರು ಒಬ್ಬರೇ, ನಮ್ಮ ಖಜಾಂಚಿಯವರ ಹೆಂಡತಿ. ಹಾಲಿನಂಥ ಬಣ್ಣ, ಆದರೆ ಮಾತು ನೆನಪಿರುವುದಿಲ್ಲ. ಬೀಸಣಿಗೆ ಬೀಸುತ್ತ ಅವರ ಮಾತನ್ನು ಕಿವಿಯಲ್ಲಿ ಊದುವುದು ನನ್ನ ಕೆಲಸ. ಕಷ್ಟಪಟ್ಟು ಕಲಿತದ್ದೆಲ್ಲ ಇನ್ನೊಬ್ಬರ ಬಾಯಿಂದ ತಪ್ಪುತಪ್ಪಾಗಿ ಹೊರಬೀಳುವುದನ್ನು ಕೇಳುತ್ತ ನಿಲ್ಲುವುದಿದೆಯಲ್ಲ, ಅದರ ಸಂಕಟ ಬೀಸಣಿಗೆ ಹಿಡಿದವರಿಗೇ ಗೊತ್ತು.

ಹತ್ತನೆಯ ವರ್ಷ, ತಾಲೀಮು ಶುರುವಾದ ಮೇಲೆ, ಖಜಾಂಚಿಯವರು ಖಾರಘರದಲ್ಲಿ ಹದಿನಾಲ್ಕನೇ ಮಾಳಿಗೆಯ ಫ್ಲ್ಯಾಟ್ ಕೊಂಡು ಹೋದರು. ಅಲ್ಲಿಂದ ತಾಲೀಮಿಗೆ ಬರುವುದು ಆಗದ ಮಾತು ಎಂದು ಮಹಾರಾಣಿ ಫೋನಿನಲ್ಲೇ ಸಿಂಹಾಸನ ತ್ಯಜಿಸಿದರು. ಇಡೀ ಪಾತ್ರ ಬಾಯಿಪಾಠ ಇದ್ದವಳು ನಾನೊಬ್ಬಳೇ. ವಾಸಣ್ಣ ನನ್ನ ಮುಖವನ್ನು ಮಾರ್ಕೆಟ್ಟಿನಲ್ಲಿ ಬದನೆಕಾಯಿ ನೋಡುವವರಂತೆ ಆ ಕಡೆ ಈ ಕಡೆ ನೋಡಿದರು. “ಆಯ್ತು, ರಾಣಿ ನೀವೇ ಮಾಡಿ. ಆದ್ರೆ ಮುಖದ್ದು ನೀವೇ ನೋಡಿಕೊಳ್ಬೇಕು ಮಾರಾಯ್ರೆ. ಸಂಘದಿಂದ ಮುನ್ನೂರು ರೂಪಾಯಿ ಕೊಡುವ, ಹೆಚ್ಚು ಕೇಳ್ಬೇಡಿ” ಎಂದರು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನ ಮಗಳು ಮಿನಿಗೆ ಆಗ ಏಳು ವರ್ಷ. ಅವಳದು ಅಚ್ಚು ನನ್ನದೇ ಬಣ್ಣ. ಗಂಡ ಬೆಳ್ಳಗಿದ್ದಾರೆ, ಅತ್ತೆಯಂತೂ ಸುಣ್ಣದ ಗೋಡೆ. ಮಗು ಮಾತ್ರ ನನ್ನನ್ನು ಹೋಲಿತು. ಹೆರಿಗೆ ಆಸ್ಪತ್ರೆಯಲ್ಲೇ ಅತ್ತೆ “ಇರಲಿ ಬಿಡು, ಆರೋಗ್ಯ ಇದ್ದರೆ ಸಾಕು” ಎಂದದ್ದು ನನಗೆ ಮರೆತಿಲ್ಲ, ಮರೆಯುವುದೂ ಇಲ್ಲ. ಈ ಹುಡುಗಿ ಮೊದಲ ಸಾಲಿನಲ್ಲಿ ಕೂತು, ತನ್ನದೇ ಬಣ್ಣದ ಮುಖವೊಂದನ್ನು ಸಭೆಯೆಲ್ಲ ರಾಣಿ ಎಂದು ನೋಡುವುದನ್ನು ಒಮ್ಮೆಯಾದರೂ ನೋಡಬೇಕು ಎಂದು ನನಗೆ ಹಟ ಬಂತು. ಗುಲಾಬಿ ಹಚ್ಚಲಾರೆ. ಏನೂ ಹಚ್ಚದೆ ನಿಂತರೆ ಮೂರನೇ ಸಾಲಿನಾಚೆಗೆ ಕಣ್ಣು ಮೂಗು ಕಾಣುವುದಿಲ್ಲ. ಹಾಗಾಗಿ ಕಪ್ಪು ಕಪ್ಪಾಗಿಯೇ ಉಳಿದು, ಕೊನೆಯ ಸಾಲಿಗೂ ಮುಟ್ಟುವಷ್ಟು ಗಾಢವಾಗಿರುವ, ಮುಖ ಊದಿಸದ, ಮುನ್ನೂರು ರೂಪಾಯಿ ದಾಟದ ಬಣ್ಣ ಬೇಕಾಗಿತ್ತು. ವರ ಹುಡುಕುವಾಗಲೂ ನಮ್ಮ ಅಪ್ಪ ಇಷ್ಟೊಂದು ಷರತ್ತು ಹಾಕಿರಲಿಲ್ಲ.

ನನ್ನ ಆಫೀಸು ಠಾಣೆ ನಗರದಲ್ಲಿ. ಒಂದು ಸಂಜೆ ಅಲ್ಲಿನ ಮಾಲ್‌ಗೆ ಹೋದೆ. ಗಾಜಿನ ಕಪಾಟಿನಲ್ಲಿ ಸಣ್ಣ ಸಣ್ಣ ಬಾಟಲಿಗಳು ದಂತ, ಮುತ್ತು, ಚಿಪ್ಪು, ಮರಳು ಎಂಬ ಇಂಗ್ಲಿಷ್ ಹೆಸರು ಹೊತ್ತು ಸಾಲಾಗಿ ನಿಂತಿದ್ದವು. ಎಲ್ಲಕ್ಕಿಂತ ಗಾಢವಾದದ್ದನ್ನು ಕೈಗೆ ಹಚ್ಚಿ ನೋಡಿದೆ. ವಿಭೂತಿಯ ಪಟ್ಟೆಯಂತೆ ಬೆಳ್ಳಗೆ ಹೊಳೆಯಿತು. “ಇದಕ್ಕಿಂತ ಡಾರ್ಕ್ ಇಲ್ವಾ?” ಎಂದು ಹಿಂದಿಯಲ್ಲಿ ಕೇಳಿದೆ. ಕೌಂಟರಿನ ಹುಡುಗಿ, “ಮ್ಯಾಡಮ್, ಆಪ್‌ಕಾ ಶೇಡ್ ಹಮ್ ರಖ್ತೇ ನಹೀ. ಚಲ್ತಾ ನಹೀ ಹೈ” ಎಂದಳು. ನನ್ನ ಬಣ್ಣದ್ದನ್ನು ಅವರು ಇಡುವುದೇ ಇಲ್ಲವಂತೆ, ಚಲಾವಣೆಯಲ್ಲಿಲ್ಲ! ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ದಿವಾ ಬರುವಷ್ಟರಲ್ಲಿ ಲೇಡೀಸ್ ಡಬ್ಬಿಯೊಂದರಲ್ಲೇ ನನ್ನ ಬಣ್ಣದವರು ಇಪ್ಪತ್ತು ಜನ ನನ್ನ ಕಾಲು ತುಳಿದಿರುತ್ತಾರೆ. ಈ ಅಂಗಡಿಯವರು ಯಾವ ಊರಿನ ಮುಖ ನೋಡಿ ಮಾಲು ತರಿಸುತ್ತಾರೋ. ಹುಡುಗಿಗೆ ರೇಗೋಣ ಎಂದು ಕತ್ತೆತ್ತಿದೆ. ಅವಳ ಮುಖ ಚಿಪ್ಪಿನ ಬಣ್ಣ, ಕುತ್ತಿಗೆ ನನ್ನ ಬಣ್ಣ. ರೇಗಲಾಗಲಿಲ್ಲ. ಒಂದು ಪಿನ್ನಿನ ಪ್ಯಾಕೆಟ್ ಕೊಂಡು ಬಂದೆ.

ಚರ್ಮದ ಡಾಕ್ಟರು ಯಾವುದೇ ಬಣ್ಣವನ್ನು ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಬೇಕು ಎಂದು ಹೇಳಿದ್ದರು. ಸ್ಟೇಷನ್ ಹೊರಗಿನ ಅಂಗಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಚೂರುಚೂರು ಕೇಳಿ ತಂದು ಎಡಗೈಯಲ್ಲಿ ಸಾಲಾಗಿ ಪಟ್ಟೆ ಎಳೆದು, ಪಕ್ಕದಲ್ಲಿ ಬಾಲ್‌ಪೆನ್ನಿನಿಂದ ನಂಬರು ಬರೆದುಕೊಂಡೆ. ಒಂದನೇ ನಂಬರು ಉರಿಯಿತು, ಎರಡನೆಯದು ಗುಳ್ಳೆ ಎದ್ದಿತು, ಮೂರನೆಯದರ ಜಾಗ ಇವತ್ತಿಗೂ ಹೊಳಪಿಲ್ಲದೆ ಹಾಗೇ ಇದೆ. ಆ ಕೈಯಿಂದ ರೈಲಿನಲ್ಲಿ ಹ್ಯಾಂಡಲ್ ಹಿಡಿದರೆ ಲೇಡೀಸ್ ಡಬ್ಬಿಗೆಲ್ಲ ದರ್ಶನ. ಕಡಲೆಹಿಟ್ಟು, ಮೊಸರು, ಪಪ್ಪಾಯಿ ಸಿಪ್ಪೆ ಎಂದು ಮುಂಬ್ರಾದವರೆಗೂ ಸಲಹೆ. ಎಲ್ಲವೂ ಬೆಳ್ಳಗಾಗುವ ಮದ್ದು. ನನಗೆ ಬೇಕಾದದ್ದು ಅದಲ್ಲ ಎಂದರೆ ಯಾರೂ ನಂಬಲಿಲ್ಲ. ಯಜಮಾನರು ಮನೆಯಲ್ಲಿ, “ಅಷ್ಟು ಕಷ್ಟ ಯಾಕೆ? ದಾಸಿಯೇ ಆರಾಮಲ್ವಾ?” ಎಂದರು. ಅವತ್ತು ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಅವರಿಗೆ ಗೊತ್ತೂ ಆಗಲಿಲ್ಲ.

ಕೊನೆಗೆ ಒಂದು ಭಾನುವಾರ ದಿವಾಕ್ಕೆ ಹೋಗಿ ಮಲ್ಲಪ್ಪನವರ ಬಾಗಿಲು ತಟ್ಟಿದೆ. ಅವರು ಮೊದಲು ಮುನಿಸಿಕೊಂಡರು. “ಅಕ್ಕಾರ, ನಲವತ್ತ ವರ್ಷ ಆತು ಬಣ್ಣಾ ಹಚ್ಚಾಕತ್ತು. ರಾಣಿಗೆ ಗುಲಾಬಿ, ದಾಸಿಗೆ ಕಂದು. ನಮ್ಮ ಗುರುಗಳು ಹಂಗ ಕಲಿಸ್ಯಾರ. ಯಾಕಂತ ನಾ ಕೇಳಿಲ್ಲ, ಅವರೂ ಹೇಳಿಲ್ಲ” ಎಂದರು. ನಾನು ಎಡಗೈ ಮುಂದೆ ಚಾಚಿದೆ. ಪಟ್ಟೆಗಳನ್ನು ನೋಡಿದ ಮೇಲೆ ಅವರ ದನಿ ಇಳಿಯಿತು. “ನನ್ನ ಮಾರಿ ನೋಡ್ರಿ, ನಾನೂ ಕರ್ರಗ ಅದೀನಿ. ಸಣ್ಣಾಂವ ಇದ್ದಾಗ ಒಮ್ಮೆ ರಾಜಾನ ಪಾರ್ಟು ಸಿಕ್ಕಿತ್ತು. ಅವಸರದಾಗ ಕುತ್ತಿಗಿಗೆ ಗುಲಾಬಿ ಹಚ್ಚೂದು ಮರತೆ. ಮಾರಿ ರಾಜಾಂದು, ಕುತ್ತಿಗಿ ಸಿಪಾಯಿದು ಅಂತ ಮಂದಿ ಬಿದ್ದುಬಿದ್ದು ನಕ್ಕರ್ರಿ. ಮುಂದ ಯಾವ ಪಾರ್ಟೂ ಮಾಡ್ಲಿಲ್ಲ, ಬಣ್ಣಕ್ಕ ಕುಂತೆ.” ಹೀಗೆಂದು ಪೆಟ್ಟಿಗೆ ತೆರೆದು ಕಂದು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಗುಲಾಬಿಯಲ್ಲಿದ್ದ ಘಾಟು ವಾಸನೆ ಇದರಲ್ಲಿರಲಿಲ್ಲ. ಮೊಳಕೈಗೆ ಹಚ್ಚಿ ಎರಡು ದಿನ ಕಾದೆ, ನಾಲ್ಕು ದಿನ ಕಾದೆ. ತುರಿಸಲಿಲ್ಲ.

ಕಪ್ಪು ಮುಖಕ್ಕೆ ತೆಳುವಾಗಿ ಹಚ್ಚಿದರೆ ಲೈಟು ಎಲ್ಲವನ್ನೂ ನುಂಗಿಬಿಡುತ್ತದೆ, ಹೆದರದೆ ಗಾಢವಾಗಿ ಹಚ್ಚಬೇಕು ಎಂದು ಅವರೇ ತೋರಿಸಿಕೊಟ್ಟರು. ಹರಳೆಣ್ಣೆ ದೀಪದಿಂದ ಮನೆಯಲ್ಲೇ ಕಾಡಿಗೆ ಮಾಡಿದೆ. ನನ್ನ ಚರ್ಮ ಕ್ಷಮಿಸಿದ್ದ ಒಂದೇ ಒಂದು ಕಡುಗೆಂಪು ಲಿಪ್‌ಸ್ಟಿಕ್ ತುಟಿಗೂ ಆಯಿತು, ಕೆನ್ನೆಗೂ ಆಯಿತು, ಕಣ್ಣಿನ ರೆಪ್ಪೆಗೂ ಆಯಿತು. ಸ್ಪಂಜು ಮಾತ್ರ ಹೊಸದು, ಅದು ನನ್ನೊಬ್ಬಳದೇ. ಕನ್ನಡಿಯಲ್ಲಿ ನೋಡಿಕೊಂಡೆ. ಯಾರಿಗೂ ಜಯವಾಗಲಿ ಎನ್ನುವ ಅಗತ್ಯವಿಲ್ಲದ ಹೆಂಗಸೊಬ್ಬಳು ಅಲ್ಲಿದ್ದಳು. ಮಲ್ಲಪ್ಪನವರು ಸ್ಪಂಜು ಹಿಂಡುತ್ತ ಕೂತರು.

ಕೊನೆಯ ತಾಲೀಮಿನಲ್ಲಿ ವಾಸಣ್ಣ ಹೌಹಾರಿದರು. “ಎಂಥ ಇದು ವಾರಿಜಕ್ಕ? ರಾಣಿ ಇಷ್ಟು ಕಪ್ಪು ಉಂಟಾ?” ಎಂದರು. “ನೀವೇ ಬರೆದದ್ದು ವಾಸಣ್ಣ. ಎರಡನೇ ಅಂಕ ಪೂರ್ತಿ ರಾಣಿ ಬಿಸಿಲಲ್ಲಿ ಕುದುರೆ ಮೇಲೆ ಸಮುದ್ರದ ಬದಿ ಕಾಯ್ತಾಳೆ. ಗುಲಾಬಿ ಆಗಿ ಹೇಗೆ ಉಳೀತಾಳೆ?” ಎಂದೆ. “ಬಿಸಿಲು ಪ್ರಜೆಗಳಿಗೆ ಮಾರಾಯ್ರೆ, ರಾಣಿಗೆ ಕೊಡೆ ಹಿಡೀಲಿಕ್ಕೆ ಜನ ಇಲ್ವಾ?” ಎಂದರು. ಆ ಕೊಡೆ ಹಿಡಿಯುವ ಜನ ಎಂಟು ವರ್ಷ ನಾನೇ ಆಗಿದ್ದೆ. ಬೇರೆ ರಾಣಿಯನ್ನು ತರಲು ಅವರಿಗೆ ಸಮಯ ಇರಲಿಲ್ಲ. ನಾನು ಬಣ್ಣ ಒರೆಸಿಕೊಳ್ಳಲಿಲ್ಲ.

ನಾಟಕ ಚೆನ್ನಾಗಿ ಆಯಿತು. ನನ್ನ ಬಾಯಲ್ಲಿ ನಾನೇ ಹೇಳುವುದಾದರೂ, ಎರಡನೆಯ ಅಂಕದಲ್ಲಿ ಸಭೆ ಉಸಿರು ಬಿಗಿಹಿಡಿದಿತ್ತು. ಮಿನಿ ಮೊದಲ ಸಾಲಿನಲ್ಲಿ ಕುರ್ಚಿಯ ಮೇಲೆ ನಿಂತುಬಿಟ್ಟಿದ್ದಳು. ಮುಖದಲ್ಲಿ ಒಂದು ಗುಳ್ಳೆ ಏಳಲಿಲ್ಲ. ಮುಗಿದ ಮೇಲೆ ನಮ್ಮ ಬಿಲ್ಡಿಂಗಿನವರೊಬ್ಬರು ಕೈ ಹಿಡಿದು, “ತುಂಬಾ ಚೆಂದ ಮಾಡಿದ್ರಿ. ಪಾಪ, ನಿಮ್ಮ ಮೇಲೆ ಲೈಟೇ ಸರಿ ಬೀಳಲಿಲ್ಲ ನೋಡಿ” ಎಂದರು. ನಾನು ನಕ್ಕುಬಿಟ್ಟೆ. ಗೆದ್ದವಳಿಗೆ ಅಷ್ಟು ಔದಾರ್ಯ ಇರಬೇಕಲ್ಲ.

ವಾರ ಬಿಟ್ಟು ಫೋಟೋ ತರಲು ಸ್ಟುಡಿಯೋಗೆ ಹೋದೆ. ಸ್ಟುಡಿಯೋದವನು ದೊಡ್ಡ ಪ್ರಿಂಟೊಂದನ್ನು ಮೇಜಿನ ಮೇಲೆ ಹರಡಿ ಹೆಮ್ಮೆಯಿಂದ, “ಭಾಬೀಜೀ, ಕಂಪ್ಯೂಟರ್ ಮೇ ಥೋಡಾ ಗೋರಾ ಕರ್ ದಿಯಾ. ಉಸ್ಕಾ ಪೈಸಾ ನಹೀ ಲಗೇಗಾ” ಎಂದ. ಬೆಳ್ಳಗೆ ಮಾಡಿದ್ದಾನೆ, ಅದೂ ಪುಕ್ಕಟೆ. ಅದರಲ್ಲಿ ನನ್ನದೇ ಕಣ್ಣು, ನನ್ನದೇ ಕಿರೀಟ, ಮುಖ ಮಾತ್ರ ಬಾದಾಮಿ ಹಾಲು. ಇದ್ದ ಹಾಗೆ ಇರುವುದು ಬೇಕು ಎಂದು ಗಟ್ಟಿಯಾಗಿ ಹೇಳಿದೆ. ಅವನು ಅದನ್ನೂ ತೆಗೆದು ಪಕ್ಕದಲ್ಲಿಟ್ಟ. ಎರಡನ್ನೂ ನೋಡುತ್ತ ನಿಂತೆ. ನನಗೆ ಹೇಳಲು ಬಹಳ ಇತ್ತು, ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ತಾಲೀಮು ಮಾಡಿದ್ದೂ ಇತ್ತು. ಒಂದನ್ನೂ ಹೇಳದೆ ಬಾದಾಮಿ ಹಾಲನ್ನು ಸುತ್ತಿಸಿಕೊಂಡು ಬಂದೆ. ಫ್ರೇಮಿಗೆ ಅದರ ಅಳತೆ ಸರಿಹೋಗುತ್ತಿತ್ತು ಎಂದು ಯಜಮಾನರಿಗೆ ಹೇಳಿದೆ. ಎರಡರ ಅಳತೆಯೂ ಒಂದೇ ಆಗಿತ್ತು. ಅತ್ತೆ ಮೊಟ್ಟಮೊದಲ ಬಾರಿಗೆ “ಚೆಂದ ಬಂದಿದೆ” ಎಂದರು. ಹಾಲ್‌ನ ಗೋಡೆಗೆ ನಾನೇ ಸ್ಟೂಲು ಹತ್ತಿ ಮೊಳೆ ಹೊಡೆದೆ.

ಮರುದಿನ ಬೆಳಿಗ್ಗೆ ನಾನು ಊಟದ ಡಬ್ಬಿ ಕಟ್ಟುತ್ತಿದ್ದಾಗ ಮಿನಿ ಸೋಫಾ ಹತ್ತಿ ಫೋಟೋದ ಕೆನ್ನೆಯ ಮೇಲೆ ಬೆರಳಾಡಿಸುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ ಅದು. “ಮಮ್ಮೀ, ಹೇ ಕುಠಲ್ಯಾ ದುಕಾನಾತ್ ಮಿಳ್ತಂ? ಮಲಾ ಪಣ ಆಣ್ ನಾ” ಎಂದಳು. ಇದು ಯಾವ ಅಂಗಡಿಯಲ್ಲಿ ಸಿಗುತ್ತದೆ, ನನಗೂ ತಂದುಕೊಡು ಎಂದು. ಮೊದಲ ಸಾಲಿನಲ್ಲಿ ಕೂತು ನೋಡಿದ್ದರೂ, ನಾಲ್ಕು ತಿಂಗಳು ಊರೂರು ಅಲೆದು ನಾನು ಹುಡುಕಿ ತಂದ ಬಣ್ಣ ಇದೇ ಎಂದು ಅವಳು ತಿಳಿದಿದ್ದಳು. ಫೋಟೋ ಇಳಿಸಬಹುದಿತ್ತು. ಕೂರಿಸಿಕೊಂಡು ನಿಜ ಹೇಳಬಹುದಿತ್ತು. ಆದರೆ ಗೋಡೆಯ ಮೇಲಿನ ರಾಣಿ ನಿಜಕ್ಕೂ ಚೆಂದವಾಗಿದ್ದಳು, ನನ್ನ ರೈಲಿಗೂ ಹೊತ್ತಾಗಿತ್ತು. ಅವಳ ಕೆನ್ನೆ ತಟ್ಟಿ, “ನೀನು ದೊಡ್ಡವಳಾಗು, ತಂದುಕೊಡ್ತೇನೆ” ಎಂದೆ.